ಪಂಡಿತಾ ರಮಾಬಾಯಿಯವರ ಚರಿತ್ರೆ

ತುಂಗಾ, ಭದ್ರಾ, ನೇತ್ರಾವತೀ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರಿಗೆ ಹೆಣ್ಣುಶಿಶುವೊಂದು ಜನಿಸಿತು. ಈ ಶಿಶುವೇ ಮುಂದೆ ಪಂಡಿತಾ ರಮಾಬಾಯಿಯೆಂದು ದೇಶವಿದೇಶಗಳಲ್ಲಿ ಹೆಸರುಗೊಂಡಿತು. ಆಕೆಯ ಚರಿತ್ರೆಯನ್ನು ತಂದೆಯಿಂದಲೇ ತೊಡಗಬೇಕಾಗಿದೆ.

ಶಾಸ್ತ್ರಿಗಳು ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತಪಾಠ ಹೇಳುವುದನ್ನು ಕಂಡು, ತಮ್ಮ ಮನೆಯ ಸ್ತ್ರೀಯರಿಗೂ ವಿದ್ಯೆ ಕಲಿಸಬೇಕೆಂದು ಸಂಕಲ್ಪಿಸಿದರು. ಬಂಧುಗಳು ಒಪ್ಪಲಿಲ್ಲ. ಮೊದಲ ಪತ್ನಿ ತೀರಿದ ಬಳಿಕ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಕೈಹಿಡಿದು ಆಕೆಗೆ ಪಾಠ ಪ್ರಾರಂಭಿಸಿದರು. ನಾಲ್ವತ್ತು ಮೀರಿದ ವರ, ಒಂಬತ್ತರ ವಧು! ಸ್ತ್ರೀವಿದ್ಯೆಗಾಗಿ ಲೋಕವನ್ನೆದುರಿಸಿದವರಿಗೂ ಬಾಲ್ಯವಿವಾಹವು ಅನುಚಿತವೆಂದು ತೋರದ ಕಾಲವದು. ಈ ಪಾಠಕ್ಕಾಗಿ ಉಡುಪಿಯಲ್ಲಿ ಪಂಡಿತರಿಗೆ ಸಮಾಧಾನ ಹೇಳಬೇಕಾಗಿ ಬರಲು, ಅವರು ಶಾಸ್ತ್ರಪ್ರಮಾಣಗಳನ್ನೇ ಮುಂದಿಟ್ಟು ವಾದಿಸಿದರು.

ಹಿರಿಯ ಮಗಳನ್ನು ಅವರೂ ಬಾಲ್ಯದಲ್ಲಿಯೇ ಕೊಟ್ಟಿದ್ದರು. ಅಳಿಯನು ವಿದ್ಯೆಗೆ ವಿಮುಖನಾಗಿ ಆ ಸಂಬಂಧವು ದುಃಖಕ್ಕೆ ಕಾರಣವಾಯಿತು. ಆದುದರಿಂದ ಕಿರಿಯಳ ವಿವಾಹವನ್ನು ಅವರು ಮಾಡದೆ ನಿಲ್ಲಿಸಿದರು. ಈ ಒಂದು ನಿಶ್ಚಯವೇ ರಮಾಬಾಯಿಯನ್ನು ಉಳಿಸಿತೆಂದು ನಮ್ಮ ಮತ. ಕುಟುಂಬವು ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಅಲೆಯುತ್ತಿರಲು, ತಾಯಿಯ ಮುಖದಿಂದಲೇ ಬಾಲಿಕೆ ಭಾಗವತವನ್ನು ಕಂಠಸ್ಥ ಮಾಡಿದಳು. 1874ರ ಸುಮಾರಿಗೆ ಹಸಿವಿನಿಂದ ಬಳಲಿ ತಂದೆತಾಯಿಗಳಿಬ್ಬರೂ ಮೃತರಾದರು.

ಅಣ್ಣನೊಡನೆ 1878ರಲ್ಲಿ ಕಲ್ಕತ್ತೆಯನ್ನು ಸೇರಿದ ಈ ಅವಿವಾಹಿತೆಗೆ ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ಗತಿಸಿದನು. ಅದೇ ವರ್ಷ ತಾನೇ ವರಿಸಿದ ವಂಗದೇಶದ ಪತಿಯೂ 1882ರಲ್ಲಿ ಅಳಿದನು. ಹಸುಗೂಸು ಮನೋರಮೆಯೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ಆಕೆಯು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ತರಬೇತಾದ ಉಪಾಧ್ಯಾಯಿನಿಯರೂ ಸ್ತ್ರೀ ಪರೀಕ್ಷಕರೂ ಬೇಕೆಂದು, ಸ್ತ್ರೀಯರಿಗೆ ವೈದ್ಯವಿದ್ಯೆ ದೊರೆಯಬೇಕೆಂದು ಕೇಳಿದರು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಆ ಕುರಿತ ವಾದವು ಬೇರೆ. ನಮಗಿಲ್ಲಿ ಪ್ರಕೃತವಾದುದು ಆಕೆಯ ಶಾಲೆ. ಅಮೇರಿಕದಲ್ಲಿ ಶಿಶುಶಿಕ್ಷಣಕ್ರಮವನ್ನು ಕಲಿತು, ಅಲ್ಲಿಯವರಿಂದ ಹತ್ತು ವರ್ಷಗಳ ಧನಸಹಾಯದ ವಾಗ್ದಾನ ಪಡೆದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. ಬಾಲವಿಧವೆಯರಿಗೆ ಅನ್ನ, ವಸತಿ, ವಿದ್ಯೆ ಮೂರೂ ಅಲ್ಲಿ ಒಂದೇ ಸೂರಿನಡಿ ದೊರೆತವು. ಮನೆಯಲ್ಲಿ ಅಶುಭವೆನಿಸಿದ ಹುಡುಗಿಗೆ ಪಾಠ ಮಾತ್ರ ಸಾಲದು, ಮಲಗಲು ಸ್ಥಳವೂ ಬೇಕೆಂಬುದನ್ನು ಆಕೆ ಚೆನ್ನಾಗಿ ಬಲ್ಲರು. ಮೊದಲ ವಿದ್ಯಾರ್ಥಿನಿಯರಲ್ಲಿ ಬಾಲವಿಧವೆಯಾದ ಗೋದೂಬಾಯಿಯೊಬ್ಬಳು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಆಕೆಯನ್ನೇ ಪುನರ್ವಿವಾಹವಾದರು.

ಅದೇ 1893ರಲ್ಲಿ, ಆಗ ಪುಣೆಗೆ ಬಂದಿದ್ದ ಸದನದಲ್ಲಿ ಮತಾಂತರದ ಸಂಶಯವೆದ್ದಿತು. ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಾನಡೆ, ಭಾಂಡಾರಕರರೂ ಸಲಹಾಮಂಡಲಿಯಿಂದ ದೂರವಾದರು. ಸಂಶಯವು ಪೂರ್ತಿ ನಿರಾಧಾರವೆನ್ನಲಾಗದು. ಆದರೆ ವಾದದಲ್ಲಿ ಗೆದ್ದವರು ಯಾರೇ ಆಗಲಿ, ಓದು ಕಡಿದುಹೋದದ್ದು ಆ ಹುಡುಗಿಯರದು.

1896ರ ಕ್ಷಾಮದಲ್ಲಿ ಅನಾಥ ಬಾಲಿಕೆಯರನ್ನು ಕರೆತಂದು ಕೇಡಗಾಂವದ ಮುಕ್ತಿಸದನದಲ್ಲಿ ಸಾಕಿದರು. 1900ರ ಹೊತ್ತಿಗೆ ಅಲ್ಲಿ ಎರಡು ಸಾವಿರದ ಹತ್ತಿರ ಜನ ಸೇರಿದ್ದರು. ಓದಿನೊಡನೆ ನೇಯ್ಗೆ, ಮುದ್ರಣ, ಬೇಸಾಯಗಳನ್ನೂ ಕಲಿಯುತ್ತಿದ್ದರು. 1912ರಲ್ಲಿ ನಿಜಾಮರ ಸೀಮೆಗೆ ಸೇರಿದ್ದ ಕಲಬುರ್ಗಿಯಲ್ಲಿಯೂ ಶಾಲೆಯನ್ನು ತೆರೆದು ಮಗಳಿಗೆ ಒಪ್ಪಿಸಿದರು. ಮನೋರಮೆಯು 1921ರಲ್ಲಿ ಗತಿಸಿದಳು. ರಮಾಬಾಯಿಯವರು 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ದೇಹವಿಟ್ಟರು.