ರಕ್ತ ತೆಳುವಾಗಿಸುವ ಮಾತ್ರೆ ನಿಜಕ್ಕೂ ಇಲಿ ಪಾಷಾಣವೇ? ಕಾರ್ಲ್ ಪಾಲ್ ಲಿಂಕ್ ಅವರ ಬದುಕಿನಲ್ಲಿದೆ ಉತ್ತರ

ತುಮಕೂರು ರಸ್ತೆಯ ಮಾಕಳಿಯಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡಿರುವ ಅವರು ದಿನವೂ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಜೊತೆಗೆ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಕೂಡ ಇದೆ. ಒಂದು ಮಧ್ಯಾಹ್ನ ಮೈಯೆಲ್ಲ ಬೆವರಿ, ಕೈ ನಡುಗಿ ಕುಸಿದು ಕುಳಿತರು. ಮನೆಯವರು ಗ್ಲುಕೋಮೀಟರಿನಲ್ಲಿ ನೋಡಿದರೆ ಸಕ್ಕರೆ 58. ಅದೇ ವಾರ ಅವರ ವಾಟ್ಸ್‌ಆ್ಯಪ್ ಗುಂಪಿಗೆ, ವಾರ್ಫರಿನ್ ಎಂದರೆ ಇಲಿ ಪಾಷಾಣ ಎಂಬ ಸಂದೇಶ ಬಂದಿತ್ತು. ಎರಡನ್ನೂ ಕೂಡಿಸಿಕೊಂಡ ಮನೆಯವರು ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು.

ಆ ಸಂದೇಶ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದನ್ನು ತಿಳಿಯಲು ಈ ಔಷಧಿಯ ಹಿಂದಿರುವ ವಿಜ್ಞಾನಿಯ ಬದುಕನ್ನು ನೋಡೋಣ.

ಕಾರ್ಲ್ ಪಾಲ್ ಲಿಂಕ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ತಂದೆ ಲೂಥರನ್ ಪಾದ್ರಿ, ತುಂಬು ಕುಟುಂಬ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ರಸಾಯನಶಾಸ್ತ್ರ ಓದಿ ಡಾಕ್ಟರೇಟ್ ಪಡೆದ ಲಿಂಕ್, ಯೂರೋಪಿಗೆ ಹೋಗಿ ನೊಬೆಲ್ ವಿಜೇತ ಫ್ರಿಟ್ಸ್ ಪ್ರೆಗ್ಲ್ ಅವರ ಬಳಿ ಸೂಕ್ಷ್ಮ ರಸಾಯನಶಾಸ್ತ್ರ ಕಲಿತರು. ಆ ದಿನಗಳಲ್ಲೇ ಕ್ಷಯರೋಗ ಅಂಟಿಕೊಂಡಿತು. ಅದು ಮುಂದೆಯೂ ಅವರನ್ನು ಕಾಡುತ್ತಲೇ ಇತ್ತು.

1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ರೈತರ ದನಗಳು ವಿಚಿತ್ರವಾಗಿ ಸಾಯುತ್ತಿದ್ದವು. ಕೊಂಬು ಕತ್ತರಿಸಿದರೆ ಅಥವಾ ಸಣ್ಣ ಗಾಯವಾದರೆ ಸಾಕು, ರಕ್ತ ನಿಲ್ಲುತ್ತಿರಲಿಲ್ಲ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಇದಕ್ಕೆ ಕಾರಣವೆಂದು ಪಶುವೈದ್ಯರು ಕಂಡುಕೊಂಡಿದ್ದರು. ಆದರೆ ಅದರಲ್ಲಿರುವ ವಸ್ತು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ.

1933ರ ಫೆಬ್ರವರಿಯಲ್ಲಿ ಹಿಮಪಾತದ ನಡುವೆ ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿಲೋಮೀಟರ್ ದೂರದಿಂದ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದರು. ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನ್, ಸುಮಾರು 45 ಕಿಲೋ ಕೆಟ್ಟ ಮೇವು ಅವರ ಜೊತೆಗಿದ್ದವು. ಆ ಮೇವು ಹಾಕಬೇಡಿ, ಆದರೆ ದನಗಳಿಗೆ ರಕ್ತ ಕೊಡಿಸಿ ಎನ್ನುವುದನ್ನು ಬಿಟ್ಟು ಆ ದಿನ ಲಿಂಕ್‌ಗೆ ಹೇಳಲು ಬೇರೇನೂ ಇರಲಿಲ್ಲ. ರೈತ ಬರಿಗೈಯಲ್ಲಿ ವಾಪಸಾದರು. ಲಿಂಕ್ ಮತ್ತು ಅವರ ವಿದ್ಯಾರ್ಥಿಗಳು ಆ ಪ್ರಶ್ನೆಯನ್ನು ಬಿಡಲಿಲ್ಲ. ಆರು ವರ್ಷಗಳ ನಂತರ, 1939ರಲ್ಲಿ, ಅವರ ತಂಡದ ಹೆರಾಲ್ಡ್ ಕ್ಯಾಂಪ್‌ಬೆಲ್ ಶುದ್ಧ ಹರಳುಗಳನ್ನು ಬೇರ್ಪಡಿಸಿದರು. ಅದೇ ಡೈಕುಮರಾಲ್. ಮೇವಿನಲ್ಲಿ ಸಹಜವಾಗಿರುವ ಕುಮರಿನ್ ಎಂಬ ವಸ್ತುವನ್ನು ಬೂಷ್ಟು ಡೈಕುಮರಾಲ್ ಆಗಿ ಬದಲಿಸುತ್ತಿತ್ತು.

ಇದು ರಕ್ತವನ್ನು ನೀರಿನಂತೆ ತೆಳುವಾಗಿಸುವುದಿಲ್ಲ. ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನ್‌ಗಳನ್ನು ನಮ್ಮ ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಬಳಸಿದ ವಿಟಮಿನ್ ಕೆ ಮತ್ತೆ ಬಳಕೆಗೆ ಸಿಗದಂತೆ ಈ ಔಷಧಿ ತಡೆಯುತ್ತದೆ, ಅಷ್ಟೇ.

1945ರಲ್ಲಿ ಕಾಯಿಲೆ ಮರುಕಳಿಸಿ ಲಿಂಕ್ ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಮಲಗಬೇಕಾಯಿತು. ಅಲ್ಲಿ ಇಲಿಗಳ ನಿಯಂತ್ರಣದ ಬಗ್ಗೆ ಓದುತ್ತಾ, ತಮ್ಮ ಪ್ರಯೋಗಾಲಯದಲ್ಲಿ ತಯಾರಾಗಿದ್ದ ಇನ್ನಷ್ಟು ಬಲವಾದ ರಾಸಾಯನಿಕಗಳು ಅದಕ್ಕೆ ಒದಗಬಹುದೆಂದು ಯೋಚಿಸಿದರು. 1948ರಲ್ಲಿ ವಾರ್ಫರಿನ್ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್ ಅಲ್ಯುಮ್ನೈ ರಿಸರ್ಚ್ ಫೌಂಡೇಶನ್‌ನ ಮೊದಲಕ್ಷರಗಳಿಂದ ಆ ಹೆಸರು ಹುಟ್ಟಿತು.

1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಒಬ್ಬ ಯುವಕ ಪ್ರಾಣ ಕಳೆದುಕೊಳ್ಳಲು ಇದನ್ನು ತಿಂದರೂ, ಆಸ್ಪತ್ರೆಯಲ್ಲಿ ವಿಟಮಿನ್ ಕೆ ಚಿಕಿತ್ಸೆಯಿಂದ ಪೂರ್ತಿ ಚೇತರಿಸಿಕೊಂಡ. ಇದಕ್ಕೆ ಮದ್ದು ಇದೆ ಎಂಬುದು ಖಚಿತವಾದಾಗ ವೈದ್ಯರಿಗೂ ಧೈರ್ಯ ಬಂತು. 1954ರಲ್ಲಿ ಮನುಷ್ಯರ ಬಳಕೆಗೆ ಅನುಮತಿ ಸಿಕ್ಕಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಡಲಾಯಿತು. ಲಿಂಕ್‌ಗೆ 1955 ಮತ್ತು 1960ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1978ರಲ್ಲಿ ಅವರು ತೀರಿಕೊಂಡರು.

ಅಂದರೆ ಇಲಿಯನ್ನು ಕೊಂದದ್ದೂ, ಮನುಷ್ಯರನ್ನು ಉಳಿಸುತ್ತಿರುವುದೂ ಒಂದೇ ವಸ್ತು. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ ಮತ್ತು ನಿಗಾದಲ್ಲಿ. ಅದಕ್ಕಾಗಿಯೇ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಾರೆ.

ಹಾಗಾದರೆ ಮಾಕಳಿಯ ಹಿರಿಯರ ಸಕ್ಕರೆ ಏಕೆ ಇಳಿಯಿತು? ವಾರ್ಫರಿನ್ ಒಂದೇ ಸಾಮಾನ್ಯವಾಗಿ ಸಕ್ಕರೆ ಇಳಿಸುವುದಿಲ್ಲ. ಆದರೆ ಗ್ಲಿಮೆಪಿರೈಡ್, ಗ್ಲಿಪಿಝೈಡ್‌ನಂಥ ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆಗಳನ್ನೂ ವಾರ್ಫರಿನ್ನನ್ನೂ ಯಕೃತ್ತಿನ ಒಂದೇ ಕಿಣ್ವ ಕರಗಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಸಕ್ಕರೆ ಮಾತ್ರೆ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಲಿಂಕ್ ಕಂಡುಹಿಡಿದ ಡೈಕುಮರಾಲ್ ಹಳೆಯ ಸಕ್ಕರೆ ಮಾತ್ರೆ ಟಾಲ್‌ಬ್ಯುಟಮೈಡ್‌ನ ಪರಿಣಾಮವನ್ನು ಹೆಚ್ಚಿಸುತ್ತದೆ ಎಂಬುದು 1960ರ ದಶಕದಲ್ಲೇ ಗೊತ್ತಾಗಿತ್ತು. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಗ್ಲಿಮೆಪಿರೈಡ್ ಅಥವಾ ಗ್ಲಿಪಿಝೈಡ್ ಜೊತೆ ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರು ಸಕ್ಕರೆ ಇಳಿದು ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು ಶೇ 22ರಷ್ಟು ಹೆಚ್ಚೆಂದು ತೋರಿಸಿತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಪ್ರತಿಯೊಬ್ಬರಿಗೂ ಹಾಗೇ ಆಗುತ್ತದೆ ಎಂದಲ್ಲ. ಊಟ ತಪ್ಪಿಸುವುದು, ಮೂತ್ರಪಿಂಡದ ತೊಂದರೆ, ಕೆಲವು ಆ್ಯಂಟಿಬಯೋಟಿಕ್‌ಗಳೂ ಕಾರಣವಾಗಬಹುದು.

ಸಕ್ಕರೆ 70ಕ್ಕಿಂತ ಕೆಳಗಿಳಿದು, ಪ್ರಜ್ಞೆ ಇದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಪ್ಪು ಮಲ, ನಿಲ್ಲದ ರಕ್ತಸ್ರಾವ, ತಲೆಗೆ ಪೆಟ್ಟು ಬಿದ್ದರೂ ತಡ ಮಾಡಬೇಡಿ. ಹೊಸ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧಿ ಯಾವುದೇ ಇರಲಿ, ವೈದ್ಯರಿಗೆ ತಿಳಿಸಿ. ಸೊಪ್ಪು ತಿನ್ನುವುದನ್ನು ಬಿಡಬೇಕಿಲ್ಲ, ಆದರೆ ಪ್ರಮಾಣ ಒಮ್ಮೆಲೇ ಏರುಪೇರಾಗಬಾರದು.

ವಾರ್ಫರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಬರಬಹುದು, ಜೀವವೇ ಹೋಗಬಹುದು. ಮಾಕಳಿಯ ಹಿರಿಯರನ್ನು ಮೂರನೇ ದಿನ ವೈದ್ಯರ ಬಳಿ ಕರೆದೊಯ್ದರು. ವೈದ್ಯರು ಬದಲಿಸಿದ್ದು ಸಕ್ಕರೆ ಮಾತ್ರೆಯನ್ನು. ವಾರ್ಫರಿನ್ ಅಂದೇ ಮತ್ತೆ ಶುರುವಾಯಿತು.