ಜೂಲಿ ಗುಂಡರ್ಟ್ ಅಮ್ಮನವರ ಜೀವಿತವೃತ್ತಾಂತ

ಮಿಷನ್ ಚರಿತ್ರೆಯ ಪುಸ್ತಕಗಳನ್ನು ತೆರೆದು ನೋಡಿದರೆ ಪಾದ್ರಿಗಳ ಹೆಸರುಗಳು ಸಾಲುಸಾಲಾಗಿ ದೊರೆಯುತ್ತವೆ. ಅವರು ರಚಿಸಿದ ವ್ಯಾಕರಣಗಳೂ ನಿಘಂಟುಗಳೂ, ಅವರು ಕಟ್ಟಿಸಿದ ದೇವಾಲಯಗಳೂ ಅವರ ನೆನಪನ್ನು ಉಳಿಸಿಕೊಂಡಿವೆ. ಅವರ ಮನೆಗಳನ್ನು ನಡೆಸಿ, ಮಕ್ಕಳನ್ನು ಹೆತ್ತು, ಊರಿನ ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸಿದ ಅವರ ಧರ್ಮಪತ್ನಿಯರ ವಿಷಯದಲ್ಲಿಯಾದರೋ ಒಂದೆರಡು ಪಂಕ್ತಿಗಳಿಗಿಂತ ಹೆಚ್ಚು ಕಾಣುವದು ಅಪರೂಪ. ಬಾಲಿಕೆಯರಿಗಾಗಿ ಸ್ಥಾಪಿತವಾದ ಶಾಲೆಯೊಂದರ ಸ್ಮರಣಸಂಚಿಕೆಯಲ್ಲಿ ಅಂಥ ಒಬ್ಬ ತಾಯಿಯ ಜೀವಿತವನ್ನು ಸಂಗ್ರಹವಾಗಿ ಬರೆಯುವದು ಉಚಿತವೆಂದು ನಾವು ಎಣಿಸಿದೆವು. ಆಕೆಯೇ ಡಾಕ್ಟರ್ ಹೆರ್ಮನ್ ಗುಂಡರ್ಟ್ ಪಾದ್ರಿಗಳ ಪತ್ನಿಯಾದ ಜೂಲಿ ಅಮ್ಮನವರು.

ಜೂಲಿ ದ್ಯುಬುವಾ ಎಂಬದು ಅವರ ತವರಿನ ಹೆಸರು. ಸ್ವಿಟ್ಜರ್ಲೆಂಡ್ ದೇಶದ ನ್ಯೂಶಾಟೆಲ್ ಪ್ರಾಂತಕ್ಕೆ ಸೇರಿದ ಕೊರ್ಸೆಲ್ ಎಂಬ ಗ್ರಾಮದಲ್ಲಿ 1809ನೆಯ ಇಸವಿ ಅಕ್ಟೋಬರ್ 1ರಂದು ಅವರು ಹುಟ್ಟಿದರು. ಅದು ದ್ರಾಕ್ಷಿಯ ತೋಟಗಳ ಸೀಮೆ. ಜನರ ಮಾತು ಫ್ರೆಂಚ್. ಅವರ ಮನೆತನದವರು ದ್ರಾಕ್ಷಿಯ ಕೃಷಿಕರು, ಕಾಲ್ವಿನ್ನನ ಮತಾಚಾರವನ್ನು ಕಟ್ಟುನಿಟ್ಟಾಗಿ ಅನುಸರಿಸುವವರು. ಮಿತವಾದ ಮಾತು, ಎಡೆಬಿಡದ ದುಡಿಮೆ, ಪ್ರಾರ್ಥನೆ, ಇವು ಆ ಮನೆಯಲ್ಲಿ ಅವರಿಗೆ ದೊರೆತ ಆಸ್ತಿ. ಕಡೆಯ ವರೆಗೂ ಅವರು ಅದನ್ನು ಕಳೆದುಕೊಳ್ಳಲಿಲ್ಲ.

1836ರಲ್ಲಿ ಆಂತೊನಿ ನಾರಿಸ್ ಗ್ರೋವ್ಸ್ ಎಂಬ ಆಂಗ್ಲೇಯ ಮಿಷನರಿಯು ಇಂಡಿಯಾ ದೇಶಕ್ಕೆ ಹೊರಟಾಗ ಜೂಲಿಯವರು ಅವರ ತಂಡವನ್ನು ಸೇರಿದರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಹಾಯಿಯ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಾಗಿತ್ತು. ಅದೇ ಹಡಗಿನಲ್ಲಿ ಗ್ರೋವ್ಸರ ಗಂಡುಮಕ್ಕಳಿಗೆ ಉಪಾಧ್ಯಾಯನಾಗಿ ಜರ್ಮನಿಯ ಒಬ್ಬ ತರುಣನು ಬಂದನು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದಿದ್ದ ಹೆರ್ಮನ್ ಗುಂಡರ್ಟ್ ಎಂಬವನೇ ಆತನು. ಜುಲೈ ತಿಂಗಳಲ್ಲಿ ಅವರೆಲ್ಲರು ಮದ್ರಾಸಿನಲ್ಲಿ ಇಳಿದರು. ಮುಂದೆ ಚಿತ್ತೂರಿನಲ್ಲಿ ಶಾಲೆಗಳ ಕೆಲಸವು ನಡೆಯಿತು. 1838ನೆಯ ಇಸವಿ ಜುಲೈ 23ರಂದು ಆ ಊರಿನಲ್ಲಿಯೇ ಇವರಿಬ್ಬರ ವಿವಾಹವಾಯಿತು. ವಧುವು ವರನಿಗಿಂತ ನಾಲ್ಕು ವರುಷ ದೊಡ್ಡವರು. ಆಕೆಯ ಭಾಷೆ ಫ್ರೆಂಚ್, ಆತನದು ಜರ್ಮನ್. ಆದಕಾರಣ ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷ್ ಆ ಸಂಸಾರದ ಮನೆಮಾತಾಯಿತು.

ಅದೇ ವರುಷ ನವೆಂಬರ್ ತಿಂಗಳಲ್ಲಿ ದಂಪತಿಗಳು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನನ್ನು ಸೇರಿದರು. ನಮ್ಮ ವಾಚಕರಲ್ಲಿ ಬಹುಮಂದಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯವರು. ಈ ಸೀಮೆಯು ಇಂದು ವಿಜಯನಗರ ಜಿಲ್ಲೆಗೆ ಸೇರಿದ್ದರೂ ಆ ಕಾಲದಲ್ಲಿ ಬಳ್ಳಾರಿಯ ಕಡೆಯದಾಗಿ, ಮಂಗಳೂರು ತಲಶೇರಿಗಳಂತೆಯೇ ಮದ್ರಾಸ್ ಆಧಿಪತ್ಯದೊಳಗೆ ಇತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಪಾದ್ರಿಗಳು 1810ರಲ್ಲಿಯೇ ಲಂಡನ್ ಮಿಷನ್ ಕಾರ್ಯವನ್ನು ಆರಂಭಿಸಿದ್ದರು. ಬಾಸೆಲಿನವರಾದರೋ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡವನ್ನೂ 1839ರಲ್ಲಿ ಹುಬ್ಬಳ್ಳಿಯನ್ನೂ ಸೇರಿದರು. ಈ ಎಲ್ಲಾ ಸ್ಥಳಗಳಲ್ಲಿಯೂ ಹೆಣ್ಣುಮಕ್ಕಳ ಶಾಲೆಯೆಂಬದು ಸಾಮಾನ್ಯವಾಗಿ ಪಾದ್ರಿಯ ಪತ್ನಿಯ ಪಾಲಿಗೆ ಬಂದ ಕೆಲಸವೇ ಆಗಿತ್ತು. ಆಕೆಗೆ ಅದಕ್ಕಾಗಿ ಬೇರೆ ಸಂಬಳವಿರಲಿಲ್ಲ. ಮಿಷನರಿಗಳ ಪಟ್ಟಿಯಲ್ಲಿ ಆಕೆಯ ಹೆಸರೂ ಬರುತ್ತಿರಲಿಲ್ಲ. ಜೂಲಿ ಅಮ್ಮನವರ ಜೀವಿತವನ್ನು ತಿಳಿದರೆ ಅಂಥ ಅನೇಕರ ಜೀವಿತವನ್ನು ತಿಳಿದಂತಾಗುವದು.

ಮಂಗಳೂರಿನಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. ಸ್ಟ್ರೇಂಜ್ ಎಂಬ ನ್ಯಾಯಾಧಿಪತಿಗಳು ತಲಶೇರಿಯ ಬಳಿ ಇಲ್ಲಿಕ್ಕುನ್ನು ಎಂಬ ಗುಡ್ಡದ ಮೇಲಿದ್ದ ತಮ್ಮ ಬಂಗಲೆಯನ್ನು ಮಿಷನ್ ಕಾರ್ಯಕ್ಕೆ ಬಿಟ್ಟುಕೊಟ್ಟರು. 1839ರ ಏಪ್ರಿಲಿನಲ್ಲಿ ಗುಂಡರ್ಟ್ ದಂಪತಿಗಳು ಅಲ್ಲಿ ನೆಲಸಿದರು. ಪತಿಯು ಜಗಲಿಯಲ್ಲಿ ಪಂಡಿತರೊಡನೆ ಕುಳಿತು ಮಲೆಯಾಳ ಭಾಷೆಯನ್ನು ಅಭ್ಯಾಸಮಾಡುತ್ತಿರುವಾಗ, ಪತ್ನಿಯು ಅದೇ ಮನೆಯ ಆವರಣದಲ್ಲಿ ಬಾಲಿಕೆಯರ ಶಾಲೆಯನ್ನು ತೆರೆದರು. ಪುಣೆಯಲ್ಲಿ ಸಾವಿತ್ರೀಬಾಯಿ ಫುಲೆಯವರು ಪಾಠ ಹೇಳತೊಡಗಿದ್ದು 1848ರಲ್ಲಿ. ಕಲ್ಕತ್ತೆಯ ಬೆಥೂನ್ ಶಾಲೆಯು ಪ್ರಾರಂಭವಾದದ್ದು 1849ರಲ್ಲಿ. ಇವುಗಳಿಗಿಂತ ಸುಮಾರು ಹತ್ತು ವರುಷ ಮೊದಲೇ ಈ ಗುಡ್ಡದ ಮೇಲೆ ಹೆಣ್ಣುಮಕ್ಕಳು ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರೆಂಬದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಆ ಶಾಲೆಯು ಹಗಲು ಮಾತ್ರ ನಡೆಯುವ ಶಾಲೆಯಾಗಿರಲಿಲ್ಲ. ಅನಾಥೆಯರೂ ಬಡವರ ಮಕ್ಕಳೂ ಹೊಸದಾಗಿ ಸಭೆಗೆ ಸೇರಿದವರ ಹೆಣ್ಣುಮಕ್ಕಳೂ ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಅಲ್ಲಿಯೇ ಬೆಳೆಯುತ್ತಿದ್ದರು. ಓದು, ಬರಹ, ಲೆಕ್ಕ, ಸತ್ಯವೇದದ ಪಾಠ, ಹೊಲಿಗೆ, ಅಡಿಗೆ, ಮನೆಗೆಲಸ, ಇವೆಲ್ಲವನ್ನೂ ಕಲಿಸಬೇಕಾಗಿತ್ತು. ಬೋರ್ಡಿಂಗಿನಲ್ಲಿ ಇದ್ದು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆ ಕೆಲಸದ ಭಾರವನ್ನು ನಾವು ವಿವರಿಸಬೇಕಾದದ್ದಿಲ್ಲ. ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲಾ ಎಚ್ಚರವಿರಬೇಕು, ಅಕ್ಕಿ ತೀರಿದರೆ ಹೊಂದಿಸಬೇಕು, ಜಗಳವಾಡಿದವರನ್ನು ಒಂದುಮಾಡಬೇಕು, ತಂದೆತಾಯಿಗಳು ಅರ್ಧದಲ್ಲಿ ಬಿಡಿಸಿಕೊಂಡು ಹೋಗಿ ಮದುವೆಮಾಡಲು ಬಂದರೆ ಸಮಾಧಾನದ ಮಾತು ಹೇಳಬೇಕು. ಜೂಲಿ ಅಮ್ಮನವರು ಇದನ್ನೆಲ್ಲಾ ತಮ್ಮದಲ್ಲದ ಭಾಷೆಯಲ್ಲಿ, ತಮ್ಮದಲ್ಲದ ಹವೆಯಲ್ಲಿ, ತಾವೇ ಒಂದರ ಹಿಂದೆ ಒಂದು ಮಗುವನ್ನು ಹೆರುತ್ತಾ ನಡಿಸಿದರು. ಬಾಸೆಲ್ ಪಟ್ಟಣದಲ್ಲಿ ಹೆಣ್ಣುಮಕ್ಕಳ ವಿದ್ಯೆಗಾಗಿ ಸ್ತ್ರೀಯರ ಒಂದು ಕಮಿಟಿಯು ಏರ್ಪಟ್ಟದ್ದು 1841ರಲ್ಲಿ. ಅಷ್ಟರೊಳಗೆ ಇಲ್ಲಿಕ್ಕುನ್ನಿನ ಶಾಲೆಗೆ ಎರಡು ವರುಷವಾಗಿತ್ತು.

ಈಗ ನಾವು ಅವರ ಜೀವಿತದ ಅತಿ ಕಠಿಣವಾದ ಭಾಗಕ್ಕೆ ಬರುತ್ತೇವೆ. 1842ನೆಯ ಇಸವಿ ಅಕ್ಟೋಬರ್ 18ರಂದು ತಲಶೇರಿಯಲ್ಲಿ ಅವರಿಗೆ ಮರಿಯ ಎಂಬ ಮಗಳು ಹುಟ್ಟಿದಳು. ಶಾಲೆಯ ಬಾಲಿಕೆಯರ ನಡುವೆ ಆಡುತ್ತಾ ಬೆಳೆದ ಆ ಕೂಸಿಗೆ ಅದೇ ಲೋಕವಾಗಿತ್ತು. ಆದರೆ ಐರೋಪ್ಯರ ಮಕ್ಕಳು ಈ ದೇಶದ ಹವೆಯಲ್ಲಿ ಉಳಿಯುವದು ಕಷ್ಟವೆಂದೂ, ಅವರಿಗೆ ತಕ್ಕ ವಿದ್ಯಾಭ್ಯಾಸವು ಇಲ್ಲಿ ದೊರೆಯದೆಂದೂ ಆ ಕಾಲದವರು ನಂಬಿದ್ದರು. ಪಾದ್ರಿಗಳ ಮಕ್ಕಳನ್ನು ಎಳೆಯ ಪ್ರಾಯದಲ್ಲಿಯೇ ಸ್ವದೇಶಕ್ಕೆ ಕಳುಹಿಸಿಬಿಡುವದು ವಾಡಿಕೆಯಾಗಿತ್ತು. ಗುಂಡರ್ಟ್ ದಂಪತಿಗಳು 1845ರಲ್ಲಿ ಯೂರೋಪಿಗೆ ಹೋಗಿ 1847ರಲ್ಲಿ ಹಿಂದಿರುಗಿದಾಗ ಮರಿಯಳನ್ನೂ ಆಕೆಯ ಅಣ್ಣಂದಿರನ್ನೂ ಅಲ್ಲಿಯೇ ಬಿಟ್ಟು ಬಂದರು. ಮರಿಯಳಿಗೆ ಆಗ ಐದು ವರುಷವೂ ತುಂಬಿರಲಿಲ್ಲ. ಬಾಸೆಲಿನಲ್ಲಿ ಪರರ ಮನೆಯೇ ಆಕೆಯ ಮನೆಯಾಯಿತು.

ತಾಯಿಯು ತನ್ನ ಕರುಳಿನ ಕುಡಿಗಳನ್ನು ಕಡಲಾಚೆ ಬಿಟ್ಟು ಬಂದು, ಪರರ ಹೆಣ್ಣುಮಕ್ಕಳ ತಲೆಬಾಚುತ್ತಾ, ಅವರ ಅಂಗಿಗಳನ್ನು ಕತ್ತರಿಸಿ ಹೊಲಿಯುತ್ತಾ ದಿನಗಳನ್ನು ಕಳೆದರು. ಕಾಗದಗಳು ತಲಪುವದಕ್ಕೆ ತಿಂಗಳುಗಳು ಹಿಡಿಯುತ್ತಿದ್ದವು. ಹತ್ತು ವರುಷಗಳಿಗೆ ಮೇಲ್ಪಟ್ಟು ತಾಯಿಯೂ ಮಗಳೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಇದನ್ನು ಕೆಲವರು ತ್ಯಾಗವೆಂದು ಹೊಗಳಿದ್ದಾರೆ. ನಾವು ಅಷ್ಟಕ್ಕೇ ನಿಲ್ಲಲಾರೆವು. ತ್ಯಾಗವನ್ನು ಮಾಡಿದವಳು ತಾಯಿಯಾದರೂ ಅದರ ಬೆಲೆಯಲ್ಲಿ ಅರ್ಧವನ್ನು ಕೊಟ್ಟವರು ಮಕ್ಕಳು; ಕೊಡುವಿರೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಆ ಏರ್ಪಾಡು ಸರಿಯೋ ತಪ್ಪೋ ಎಂಬದರಲ್ಲಿ ಈಗಿನ ತಾಯಂದಿರು ಬೇರೆ ಅಭಿಪ್ರಾಯವುಳ್ಳವರಾಗಿರಬಹುದು. ಹಾಗಿರುವದು ನ್ಯಾಯವೇ ಸರಿ. ಜೂಲಿ ಅಮ್ಮನವರು ಕಲ್ಲುಮನಸ್ಸಿನವರೆಂದು ಮಾತ್ರ ಯಾರೂ ತಿಳಿಯಬಾರದು. ಅವರ ಕಾಲವು ಅವರ ಮುಂದೆ ಎರಡು ದಾರಿಗಳನ್ನು ಇಟ್ಟಿತ್ತು; ಎರಡರಲ್ಲಿಯೂ ಅಗಲಿಕೆ ಇತ್ತು. ಒಂದರಲ್ಲಿ ಪತಿಯಿಂದಲೂ ಶಾಲೆಯಿಂದಲೂ, ಮತ್ತೊಂದರಲ್ಲಿ ಮಕ್ಕಳಿಂದ.

1849ರಲ್ಲಿ ಅವರು ಕಣ್ಣಾನೂರಿಗೆ ಸಮೀಪದ ಚಿರಕ್ಕಲ್ಲಿಗೆ ಬಂದು ಅಲ್ಲಿಯೂ ಬಾಲಿಕೆಯರ ಕೆಲಸವನ್ನು ಮುಂದರಿಸಿದರು. ಅವರ ಬಳಿಯಲ್ಲಿ ಕಲಿತ ಹುಡುಗಿಯರಲ್ಲಿ ಕೆಲವರು ಉಪದೇಶಿಗಳ ಪತ್ನಿಯರಾಗಿ ಊರೂರಿಗೆ ಹೋದರು. ಹೀಗೆ ಒಂದು ಬಂಗಲೆಯ ಆವರಣದೊಳಗೆ ಹುಟ್ಟಿದ ವಿದ್ಯೆಯು ಅನೇಕ ಮನೆಗಳ ಒಲೆಯ ಮುಂದೆ ನೆಲೆಗೊಂಡಿತು. 1857ರಲ್ಲಿ ಗುಂಡರ್ಟರು ಮಲೆಯಾಳ ಮತ್ತು ಕನ್ನಡ ಜಿಲ್ಲೆಗಳ ಸರಕಾರಿ ಶಾಲೆಗಳ ಇನ್ಸ್‌ಪೆಕ್ಟರರಾಗಿ ನೇಮಕ ಹೊಂದಿದರು. ಅದೇ ವರುಷ ಮರಿಯಳು ತಿರಿಗಿ ಇಂಡಿಯಾಕ್ಕೆ ಬಂದಳು. ಕೂಸಾಗಿ ಹೋದವಳು ಹದಿನೈದರ ಕನ್ಯೆಯಾಗಿ ಬಂದು ತಾಯಿಯ ಮುಂದೆ ನಿಂತಳು. ಒಬ್ಬರನ್ನೊಬ್ಬರು ಹೊಸದಾಗಿ ಅರಿತುಕೊಳ್ಳಬೇಕಾಯಿತು. ಅದಕ್ಕೆ ದಾರಿಮಾಡಿದ್ದು ಶಾಲೆಯೇ. ಯಾಕೆಂದರೆ ಮಗಳು ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸದಲ್ಲಿ ತಾಯಿಗೆ ಜೊತೆಯಾದಳು. ತಾಯಿಯು ತನ್ನನ್ನು ಯಾವ ಕೆಲಸಕ್ಕಾಗಿ ಬಿಟ್ಟು ಹೋಗಿದ್ದಳೋ ಆ ಕೆಲಸವನ್ನು ಆಕೆಯು ಕಣ್ಣಾರೆ ಕಂಡು ಕೈಯಾರೆ ಮಾಡಿದಳು.

ದೇಹಸ್ಥಿತಿಯು ಕೆಟ್ಟದ್ದರಿಂದ ಗುಂಡರ್ಟರು 1859ರಲ್ಲಿ ಯೂರೋಪಿಗೆ ಹೊರಟುಹೋದರು. ಮರುವರುಷ ತಾಯಿಯೂ ಮಗಳೂ ಅವರನ್ನು ಹಿಂಬಾಲಿಸಿದರು. ಜರ್ಮನಿಯ ಕಾಲ್ವ್ ಎಂಬ ಚಿಕ್ಕ ಪಟ್ಟಣದಲ್ಲಿ ಗುಂಡರ್ಟರಿಗೆ ಪುಸ್ತಕಗಳನ್ನು ಪ್ರಕಟಿಸುವ ಸಂಘದ ಕೆಲಸವು ದೊರೆಯಿತು. ಅವರು ಅಲ್ಲಿಯೇ ಕುಳಿತು ಮುಗಿಸಿದ ಮಲೆಯಾಳ ನಿಘಂಟು 1872ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಛಾಪಖಾನೆಯಲ್ಲಿ ಅಚ್ಚಾಯಿತು. ಜೂಲಿ ಅಮ್ಮನವರಾದರೋ ಆ ಪಟ್ಟಣಕ್ಕೆ ಕಡೆಯ ವರೆಗೂ ಹೊಂದಿಕೊಳ್ಳಲಿಲ್ಲ. ಅವರಿಗೆ ಜರ್ಮನ್ ಭಾಷೆ ಚೆನ್ನಾಗಿ ಬರಲಿಲ್ಲ. ಪತಿಯ ಊರಿನ ಬೀದಿಯಲ್ಲಿ ಪರದೇಶಿಯಂತಿದ್ದ ಅವರ ಮನಸ್ಸು ಪಶ್ಚಿಮ ಕರಾವಳಿಯ ಕಡೆಗೆ ತಿರುಗುತ್ತಿತ್ತು.

ಮರಿಯಳು 1865ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ವಿವಾಹವಾಗಿ ಸಿಂಧ್ ಪ್ರಾಂತಕ್ಕೆ ಹೋದಳು. 1870ರಲ್ಲಿ ಅವರು ತೀರಿಕೊಳ್ಳಲು ವಿಧವೆಯಾದ ಮಗಳು ಇಬ್ಬರು ಗಂಡುಮಕ್ಕಳೊಡನೆ ಕಾಲ್ವಿನ ತವರಿಗೆ ಬಂದಳು. ಹಿಂದೆ ಮಗಳನ್ನು ಎಳೆತನದಲ್ಲಿ ಅಗಲಿದ್ದ ತಾಯಿಗೆ ಈಗ ಮಗಳನ್ನೂ ಮೊಮ್ಮಕ್ಕಳನ್ನೂ ಮಡಿಲಲ್ಲಿಟ್ಟುಕೊಳ್ಳುವ ಕಾಲವು ಬಂದಿತು. 1874ರಲ್ಲಿ ಮರಿಯಳು, ಇಂಡಿಯಾದಲ್ಲಿ ಮಿಷನರಿಯಾಗಿದ್ದು ಆ ಮೇಲೆ ಗುಂಡರ್ಟರ ಸಹಾಯಕ್ಕೆ ಬಂದಿದ್ದ ಯೋಹಾನ್ನೆಸ್ ಹೆಸ್ಸೆಯವರನ್ನು ಮದುವೆಯಾದಳು. 1877ನೆಯ ಇಸವಿ ಜುಲೈ 2ರಂದು ಅವರಿಗೆ ಹುಟ್ಟಿದ ಮಗನೇ ಹೆರ್ಮನ್ ಹೆಸ್ಸೆ. ಸಿದ್ಧಾರ್ಥ ಎಂಬ ಕಥೆಯನ್ನು 1922ರಲ್ಲಿ ಪ್ರಕಟಿಸಿ, 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಗ್ರಂಥಕರ್ತನು ಆತನೇ. ಮೊಮ್ಮಗನು ಅಜ್ಜಿಯ ದಾರಿಯನ್ನೇ ಹಿಡಿಯಲಿಲ್ಲ; ಪಾದ್ರಿಯಾಗಲೆಂದು ಕಳುಹಿಸಿದ ಶಾಲೆಯನ್ನು ಬಿಟ್ಟು ಓಡಿಹೋದನು. ಆದರೂ ಪೂರ್ವದೇಶದ ವಿಷಯವಾಗಿ ಆತನಲ್ಲಿದ್ದ ಹಂಬಲವು, ಮಲೆಯಾಳ ದೇಶದ ಸ್ಮರಣೆಯಿಂದ ತುಂಬಿದ್ದ ಆ ಮನೆಯಲ್ಲಿ ಮೊಳೆತದ್ದೆಂಬದು ನಿಸ್ಸಂದೇಹ.

1885ನೆಯ ಇಸವಿ ಸೆಪ್ಟೆಂಬರಿನಲ್ಲಿ ಜೂಲಿ ಅಮ್ಮನವರು ಕಾಲ್ವ್ ಪಟ್ಟಣದಲ್ಲಿ ಕಣ್ಣುಮುಚ್ಚಿದರು. ಎಪ್ಪತ್ತಾರನೆಯ ವರುಷ ತುಂಬುವದಕ್ಕೆ ಕೆಲವೇ ದಿನಗಳು ಉಳಿದಿದ್ದವು. ಪತಿಯು 1893ರಲ್ಲಿಯೂ ಮಗಳು 1902ರಲ್ಲಿಯೂ ಅವರನ್ನು ಹಿಂಬಾಲಿಸಿದರು.

ತಲಶೇರಿಯಲ್ಲಿ ಗುಂಡರ್ಟರ ಪ್ರತಿಮೆ ನಿಂತಿದೆ. ಅವರ ನಿಘಂಟನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ. ಅದು ಯೋಗ್ಯವಾದದ್ದೇ. ಜೂಲಿ ಅಮ್ಮನವರು ಬಿಟ್ಟುಹೋದ ಸಂಪತ್ತು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಓದುಬಲ್ಲ ತಾಯಿಯು ಮಗಳಿಗೆ ಕಲಿಸಿದಳು, ಆ ಮಗಳು ತನ್ನ ಮಗಳಿಗೆ ಕಲಿಸಿದಳು. ಮೂರನೆಯ ತಲೆಯವರಿಗೆ ಮೊದಲು ಕಲಿಸಿದವಳ ಹೆಸರು ತಿಳಿದಿರಲಿಲ್ಲ. ಅಕ್ಷರ ಮಾತ್ರ ಉಳಿಯಿತು.

ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಗುವನ್ನು ಶಾಲೆಗಾಗಿ ದೂರದ ಊರಿಗೆ ಕಳುಹಿಸಿದ ದಿನ ತಾಯಿಯು ಊಟಮಾಡದೆ ಕುಳಿತದ್ದುಂಟು. ಬೋರ್ಡಿಂಗಿಗೆ ಬಂದ ಹುಡುಗಿಯು ಮೊದಲ ವಾರವೆಲ್ಲಾ ಚಾಪೆಯ ಮೇಲೆ ಮುಖವನ್ನು ಮುಚ್ಚಿಕೊಂಡು ಅತ್ತದ್ದೂ ಉಂಟು. ವಿದ್ಯೆಗಾಗಿ ಕೊಡುವ ಫೀಜಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ಈ ಕಣ್ಣೀರಿನ ಲೆಕ್ಕವನ್ನು ಬರೆಯುವವರಿಲ್ಲ. ಆದಕಾರಣ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೇನಂದರೆ, ಮಗಳನ್ನು ದೂರಕ್ಕೆ ಕಳುಹಿಸಿದ ಮೇಲೆ ಆಗಾಗ್ಗೆ ಬಂದು ನೋಡಿರಿ. ಜೂಲಿ ಅಮ್ಮನವರಿಗೆ ದೊರೆಯದ ಆ ಭಾಗ್ಯವು ನಿಮಗೆ ಒಂದು ಬಸ್ಸಿನ ಪ್ರಯಾಣದಷ್ಟು ಹತ್ತಿರದಲ್ಲಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಬಿನ್ನಹವೇನಂದರೆ, ನಿಮಗೆ ಮೊದಲ ಅಕ್ಷರವನ್ನು ತೋರಿಸಿದ ಉಪಾಧ್ಯಾಯಿನಿಯ ಹೆಸರನ್ನು ನಿಮ್ಮ ಮಕ್ಕಳಿಗೆ ಹೇಳಿರಿ. ಪುಸ್ತಕಗಳಲ್ಲಿ ಸ್ಥಳ ದೊರೆಯದ ಅಂಥ ಹೆಸರುಗಳು ಮನೆಗಳಲ್ಲಿಯಾದರೂ ಉಳಿಯಲಿ.