17, 20, 17: ಫ್ರೀ ಸೀಟಿನ ಹುಡುಗ ಬಾಖ್ ಬರೆದ ಪಟ್ಟಿ

1730ರ ಆಗಸ್ಟ್ 23ರಂದು ಜರ್ಮನಿಯ ಲೈಪ್‌ಜಿಗ್ ನಗರಸಭೆಗೆ ಒಂದು ಮನವಿ ಬಂತು. ಅದರಲ್ಲೊಂದು ಪಟ್ಟಿ ಇತ್ತು. ಸೇಂಟ್ ಥಾಮಸ್ ಶಾಲೆಯ ಹಾಸ್ಟೆಲಿನ 54 ಹುಡುಗರನ್ನು ಹೆಸರು ಸಮೇತ ಮೂರು ಗುಂಪು ಮಾಡಲಾಗಿತ್ತು. 17 ಮಂದಿ ಕೆಲಸಕ್ಕೆ ಬರುವವರು. 20 ಮಂದಿ ಇನ್ನೂ ತಯಾರಾಗಬೇಕಾದವರು. ಉಳಿದ 17 ಮಂದಿ ಸಂಗೀತಕ್ಕೆ ಆಗದವರು.

ಇಂಜಿನಿಯರಿಂಗ್ ಓದಿದವರಿಗೆ ಈ ತರದ ಪಟ್ಟಿ ಹೊಸದೇನಲ್ಲ. ಕೊನೇ ವರ್ಷ ಪ್ಲೇಸ್‌ಮೆಂಟ್ ನೋಟಿಸ್ ಬೋರ್ಡ್ ಮುಂದೆ ನಿಂತು ನಾನೂ ಇಂಥದ್ದೊಂದರಲ್ಲಿ ನನ್ನ ಹೆಸರು ಹುಡುಕಿದ್ದೆ. ಎರಡನೇ ಗುಂಪಿನಲ್ಲಿತ್ತು. ಇರಲಿ.

ಲೈಪ್‌ಜಿಗ್‌ನ ಪಟ್ಟಿ ಬರೆದವನು ಯೊಹಾನ್ ಸೆಬಾಸ್ಟಿಯನ್ ಬಾಖ್. ಪಾಶ್ಚಾತ್ಯ ಸಂಗೀತ ಅಂದ ಕೂಡಲೇ ಬಾಯಿಗೆ ಬರುವ ಎರಡು ಮೂರು ಹೆಸರುಗಳಲ್ಲಿ ಒಂದು. ಅವನ ಬಗ್ಗೆ ದೈವದತ್ತ ಪ್ರತಿಭೆಯ ಕತೆಗಳಿಗೆ ಬರ ಇಲ್ಲ. ನನಗೆ ಕುತೂಹಲ ಇರೋದು ಬೇರೆ ಕಡೆ. ಚರ್ಚಿನ ಸಂಗೀತಗಾರ ಅನ್ನುವುದು ಆಗ ಸಂಬಳದ ಉದ್ಯೋಗ. ಆ ಉದ್ಯೋಗಕ್ಕೆ ಅವನು ತಯಾರಾಗಿದ್ದು ಹೇಗೆ, ಅದರ ಖರ್ಚು ಹೊತ್ತವರು ಯಾರು? ಈ ಪ್ರಶ್ನೆ ಯಾಕೆ ಅಂದರೆ, 54 ಹುಡುಗರನ್ನು ಹೀಗೆ ವಿಂಗಡಿಸಿದವನು ಸ್ವತಃ ಫ್ರೀ ಸೀಟಿನಲ್ಲಿ ಓದಿದವನು.

ಬಾಖ್ ಹುಟ್ಟಿದ್ದು 1685ರ ಮಾರ್ಚ್‌ನಲ್ಲಿ, ಐಸೆನಾಖ್ ಎಂಬ ಊರಿನಲ್ಲಿ. ಅಪ್ಪ ಊರಿನ ಸಂಗೀತಗಾರರ ಮುಖ್ಯಸ್ಥ. ತಾತ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರದ್ದೂ ಅದೇ ಕಸುಬು. ಎರ್‌ಫರ್ಟ್ ಊರಲ್ಲಂತೂ ಊರ ವಾದ್ಯಗಾರರನ್ನೆಲ್ಲ ಜನ ಬಾಖ್ ಅಂತಲೇ ಕರೆಯುತ್ತಿದ್ದರು, ಅವರಲ್ಲಿ ಆ ಮನೆತನದವರು ಇಲ್ಲದಿದ್ದಾಗಲೂ. ನಮ್ಮ ಮಾತಲ್ಲಿ ಹೇಳೋದಾದರೆ ಕುಲಕಸುಬು. ಜಾತಿ ಅಲ್ಲ, ಆದರೆ ಕೆಲಸ ಖಾಲಿ ಇದೆ ಅನ್ನೋ ಸುದ್ದಿ, ವಾದ್ಯ, ಮೇಷ್ಟ್ರು, ಮದುವೆ ಸಂಬಂಧ ಎಲ್ಲವೂ ಅದೇ ಬಳಗದೊಳಗೆ ಓಡಾಡುತ್ತಿದ್ದವು. ಮೆರಿಟ್ ಬಗ್ಗೆ ಮಾತಾಡುವಾಗ ಈ ಬಳಗವನ್ನು ಮರೆಯಬಾರದು.

ಆದರೆ ಬಳಗವೂ ಎಲ್ಲವನ್ನೂ ಕೊಡಲಿಲ್ಲ. 1694ರಲ್ಲಿ ಅಮ್ಮ ಸತ್ತಳು. ಮರುವರ್ಷ ಅಪ್ಪನೂ ಹೋದ. ಹತ್ತು ತುಂಬುವ ಮೊದಲೇ ಅನಾಥನಾದ ಹುಡುಗ, ಇನ್ನೊಬ್ಬ ಅಣ್ಣನ ಜೊತೆ ಓರ್ಡ್ರುಫ್ ಊರಿನ ದೊಡ್ಡಣ್ಣನ ಮನೆ ಸೇರಿದ. ದೊಡ್ಡಣ್ಣ ಯೊಹಾನ್ ಕ್ರಿಸ್ಟೋಫ್ ಅಲ್ಲಿನ ಚರ್ಚಿನ ಆರ್ಗನಿಸ್ಟ್. ಆಗಿನ ಹೆಸರಾಂತ ಗುರು ಪಾಖೆಲ್‌ಬೆಲ್ ಹತ್ತಿರ ಕಲಿತವನು. ಕೀಬೋರ್ಡ್ ಪಾಠದ ಓಂಕಾರ ಆಗಿದ್ದು ಅಲ್ಲೇ.

ಇಲ್ಲೊಂದು ಪ್ರಸಿದ್ಧ ಕತೆ ಬರುತ್ತದೆ. ಅಣ್ಣನ ಬಳಿ ದೊಡ್ಡ ದೊಡ್ಡವರ ರಚನೆಗಳಿದ್ದ ಕೈಬರಹದ ಪುಸ್ತಕವೊಂದಿತ್ತು. ಅದನ್ನು ತಮ್ಮನಿಗೆ ಕೊಡದೆ ಜಾಲರಿ ಬಾಗಿಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ತಮ್ಮ ರಾತ್ರಿ ಜಾಲರಿಯೊಳಗೆ ಪುಟ್ಟ ಕೈ ತೂರಿಸಿ, ಪುಸ್ತಕ ಸುರುಳಿ ಮಾಡಿ ಎಳೆದು, ಬೆಳದಿಂಗಳಲ್ಲಿ ಆರು ತಿಂಗಳು ಕೂತು ನಕಲು ಮಾಡಿಕೊಂಡ. ಅಣ್ಣನಿಗೆ ಗೊತ್ತಾಗಿ ನಕಲನ್ನೂ ಕಿತ್ತುಕೊಂಡ. ಬಾಖ್ ಸತ್ತ ಮೇಲೆ ಮಗ ಮತ್ತು ಶಿಷ್ಯ ಸೇರಿ ಬರೆದ ಜೀವನಸಂಗ್ರಹದಲ್ಲಿ ಇದು ಬರುತ್ತದೆ. ಎಲ್ಲರೂ ಇದನ್ನು ಹಟದ ಕತೆಯಾಗಿ ಓದುತ್ತಾರೆ. ನನಗೆ ಅದರಲ್ಲಿ ಕಾಣೋದು ಪಠ್ಯಕ್ರಮ. ಅಚ್ಚಾದ ಸಂಗೀತ ದುಬಾರಿ, ಬಹಳಷ್ಟು ಅಚ್ಚೇ ಆಗುತ್ತಿರಲಿಲ್ಲ. ನಕಲು ಮಾಡುವುದೇ ಓದು. ಯಾರ ಬೀರುವಿನಲ್ಲಿ ಯಾವ ಪುಸ್ತಕ ಇದೆ, ಅದು ನಿನ್ನ ಕೈಗೆ ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ ನಿನ್ನ ಶಿಕ್ಷಣ ನಿಂತಿತ್ತು.

1700ರಲ್ಲಿ ಓರ್ಡ್ರುಫ್‌ನಲ್ಲಿ ಅವನಿಗಿದ್ದ ಉಚಿತ ಊಟದ ವ್ಯವಸ್ಥೆ ತಪ್ಪಿತು. ಜೊತೆಗೆ ಬಂದಿದ್ದ ಅಣ್ಣ ಅಷ್ಟರಲ್ಲಿ ಓದು ಬಿಟ್ಟು ವಾದ್ಯಗಾರನ ಕಸುಬು ಕಲಿಯೋಕೆ ಐಸೆನಾಖ್‌ಗೆ ಹಿಂದಿರುಗಿದ್ದ. ಸೆಬಾಸ್ಟಿಯನ್‌ನ ದಾರಿಯೂ ಅದೇ ಆಗಬಹುದಿತ್ತು. ಆದರೆ ಉತ್ತರಕ್ಕೆ 300 ಕಿಲೋಮೀಟರಿಗೂ ದೂರದ ಲ್ಯೂನೆಬರ್ಗ್‌ನ ಸೇಂಟ್ ಮೈಕೆಲ್ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಒಳ್ಳೆ ಕಂಠದ ಬಡ ಹುಡುಗರಿಗೆ ಪಾಠ, ಊಟ, ವಸತಿ ಫ್ರೀ, ಮೇಲೆ ಚಿಲ್ಲರೆ ಕಾಸು. ಬದಲಿಗೆ ಚರ್ಚಿನ ಗಾಯನವೃಂದದಲ್ಲಿ ಹಾಡಬೇಕು. ಹದಿನೈದು ತುಂಬುವ ಹೊತ್ತಿಗೆ ಬಾಖ್ ಗೆಳೆಯ ಎರ್ಡ್‌ಮನ್ ಜೊತೆ ಅಲ್ಲಿಗೆ ಹೊರಟ. ಹೋದ ಸ್ವಲ್ಪ ದಿನಕ್ಕೇ ಅವನ ಕಂಠ ಒಡೆಯಿತು. ಆದರೂ ಶಾಲೆ ಅವನನ್ನು ಹೊರಗೆ ಹಾಕಲಿಲ್ಲ. ನನ್ನ ಪ್ರಕಾರ ಅವನ ಬದುಕಿನ ಅತಿ ದೊಡ್ಡ ತಿರುವು ಇದು. ಇದಕ್ಕೆ ಬೆಳದಿಂಗಳ ಕತೆಯ ಮಜಾ ಇಲ್ಲ ಅಷ್ಟೆ.

ಆರ್ಗನ್ ಕಲಿಯೋದು ಮನೆಯಲ್ಲಿ ಕೂತು ಆಗುವ ಕೆಲಸ ಅಲ್ಲ. ಅದು ಹಾರ್ಮೋನಿಯಂನ ದೈತ್ಯ ಅಜ್ಜ ಅಂದುಕೊಳ್ಳಿ: ನೂರಾರು, ಕೆಲವೆಡೆ ಸಾವಿರಾರು ಕೊಳವೆಗಳು, ಕೈಗೆ ಎರಡು ಮೂರು ಸಾಲು ಮನೆಗಳು, ಕಾಲಿಗೆ ಇನ್ನೊಂದು ಸಾಲು. ಗಾಳಿ ತುಂಬಲು ತಿದಿ ಒತ್ತುವ ಆಳು ಬೇರೆ ಬೇಕು. ಅಭ್ಯಾಸ ಮಾಡಬೇಕಾದರೆ ಚರ್ಚಿನ ಬೀಗದ ಕೈ ಸಿಗಬೇಕು, ತಿದಿ ಒತ್ತೋನಿಗೆ ಏನಾದರೂ ಕೊಡಬೇಕು. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತದೆ. ಬಾಖ್ ಬರೀ ನುಡಿಸುವುದನ್ನಲ್ಲ, ಆ ಯಂತ್ರವನ್ನೇ ಕಲಿತ. ಮುಂದೆ ಹೊಸ ಆರ್ಗನ್ ಪರೀಕ್ಷೆ ಮಾಡಲು ಊರೂರಿಗೆ ಅವನನ್ನು ಕರೆಸುತ್ತಿದ್ದರು. ಹೋದವನು ಮೊದಲು ಎಲ್ಲ ಕೊಳವೆಗಳನ್ನೂ ಒಟ್ಟಿಗೆ ತೆರೆದು ನುಡಿಸಿ, ವಾದ್ಯದ ಶ್ವಾಸಕೋಶ ಗಟ್ಟಿ ಇದೆಯಾ ಅಂತ ನೋಡುತ್ತಿದ್ದನಂತೆ. ಇಂಜಿನಿಯರುಗಳು ಇದಕ್ಕೆ ಲೋಡ್ ಟೆಸ್ಟ್ ಅನ್ನುತ್ತೇವೆ.

ಲ್ಯೂನೆಬರ್ಗ್‌ನಲ್ಲಿ ಜಾರ್ಜ್ ಬ್ಯೋಮ್ ಎಂಬ ಆರ್ಗನಿಸ್ಟ್ ಇದ್ದ. ಇತ್ತೀಚೆಗೆ ವೈಮಾರ್‌ನ ಗ್ರಂಥಾಲಯವೊಂದರಲ್ಲಿ ಬಾಖ್‌ನ ಬಾಲ್ಯದ ಕೈಬರಹದ ಹಾಳೆಗಳು ಸಿಕ್ಕವು, 2006ರಲ್ಲಿ ಸುದ್ದಿ ಹೊರಬಿತ್ತು. ಅದರಲ್ಲೊಂದು, ಹ್ಯಾಂಬರ್ಗ್‌ನ ರೈಂಕೆನ್ ರಚಿಸಿದ ಕಷ್ಟದ ಆರ್ಗನ್ ಕೃತಿಯ ನಕಲು. 1700ನೇ ಇಸವಿ, ಬ್ಯೋಮ್‌ನ ಹೆಸರು ಎರಡೂ ಅದರ ಮೇಲಿವೆ. ಈ ಸಲ ಬೀರುವಿಗೆ ಬೀಗ ಇರಲಿಲ್ಲ ಅಂತಾಯಿತು.

ಓದು ಮುಗೀತು. ಯೂನಿವರ್ಸಿಟಿಗೆ ದುಡ್ಡಿಲ್ಲ, ಕೆಲಸ ಬೇಕು. 1702ರಲ್ಲಿ ಸಾಂಗರ್‌ಹೌಸೆನ್ ಎಂಬ ಊರಿನವರು ಅವನನ್ನೇ ಆರಿಸಿದರು. ಆದರೆ ಅಲ್ಲಿನ ಡ್ಯೂಕ್ ಮೂಗು ತೂರಿಸಿ ಬೇರೊಬ್ಬನಿಗೆ ಕೊಡಿಸಿದ. ಮರುವರ್ಷ, ಹದಿನೆಂಟಕ್ಕೇ, ಆರ್ನ್‌ಸ್ಟಾಟ್‌ನ ಹೊಸ ಚರ್ಚಿನಲ್ಲಿ ಆರ್ಗನಿಸ್ಟ್ ಕೆಲಸ ಸಿಕ್ಕಿತು. ಅದು ಬಾಖ್ ಮನೆತನ ಬೇರು ಬಿಟ್ಟಿದ್ದ ಊರು ಅನ್ನೋದನ್ನೂ ನೆನಪಿಡಿ.

ಕೆಲಸ ಸಿಕ್ಕ ಮೇಲೂ ಅವನು ಕಲಿಯೋದು ಬಿಡಲಿಲ್ಲ. ಗಲಾಟೆ ಶುರುವಾಗಿದ್ದೂ ಅಲ್ಲೇ. 1705ರ ಶರತ್ಕಾಲದಲ್ಲಿ ನಾಲ್ಕು ವಾರ ರಜೆ ಕೇಳಿ ಪಡೆದ. ತನ್ನ ಜಾಗಕ್ಕೆ ದಾಯಾದಿಯೊಬ್ಬನನ್ನು ನಿಲ್ಲಿಸಿ, ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ನಡೆದೇ ಹೋದ. ಅಲ್ಲಿದ್ದ ಮುದುಕ ಬುಕ್ಸ್‌ಟೆಹುಡೆ ಉತ್ತರ ಜರ್ಮನಿಯ ಆರ್ಗನಿಸ್ಟುಗಳಿಗೆಲ್ಲ ಗುರುವಿನಂಥವನು. ಬಾಖ್ ವಾಪಸ್ ಬಂದಿದ್ದು ಸುಮಾರು ನಾಲ್ಕು ತಿಂಗಳಿಗೆ. ಚರ್ಚಿನ ಆಡಳಿತ ಅವನನ್ನು ಕರೆಸಿ ವಿಚಾರಣೆ ಮಾಡಿತು. ರಜೆ ಮೀರಿದ್ದು ಒಂದು ಆರೋಪ. ಕೀರ್ತನೆಗಳ ನಡುವೆ ಏನೇನೋ ವಿಚಿತ್ರ ಸ್ವರ ಸೇರಿಸಿ ಹಾಡುವ ಜನರನ್ನು ಗೊಂದಲ ಮಾಡುತ್ತಾನೆ ಅನ್ನೋದು ಇನ್ನೊಂದು. ಕಲಿತು ಬಂದದ್ದೇ ಅಪರಾಧ.

ಲ್ಯೂಬೆಕ್ ಹುದ್ದೆಗೊಂದು ಷರತ್ತಿತ್ತು. ಬುಕ್ಸ್‌ಟೆಹುಡೆಯ ಉತ್ತರಾಧಿಕಾರಿ ಆಗುವವನು ಅವನ ಮಗಳನ್ನು ಮದುವೆಯಾಗಬೇಕು. ಬುಕ್ಸ್‌ಟೆಹುಡೆಯೇ ಹಿಂದಿನ ಆರ್ಗನಿಸ್ಟನ ಮಗಳನ್ನು ಕಟ್ಟಿಕೊಂಡವನು. 1703ರಲ್ಲಿ ಹ್ಯಾಂಡೆಲ್ ಬಂದು ನೋಡಿ ಹೋಗಿದ್ದ. ಕೇಳೋಕೆ ತಮಾಷೆ ಅನ್ನಿಸುತ್ತದೆ, ಆದರೆ ಪೆನ್ಷನ್ ಇಲ್ಲದ ಕಾಲದಲ್ಲಿ ಒಂದು ಸಂಸಾರ ಬೀದಿಗೆ ಬೀಳದಂತೆ ಮಾಡಿಕೊಂಡ ಏರ್ಪಾಡು ಅದು. ಆ ಮಗಳನ್ನು ಯಾರೂ ಕೇಳಲಿಲ್ಲ ಅನ್ನೋದೂ ಅಷ್ಟೇ ನಿಜ.

ಮುಂದಿನ ಹದಿನೈದು ವರ್ಷ ಬೇಗ ಹೇಳುತ್ತೇನೆ. ಮ್ಯೂಲ್‌ಹೌಸೆನ್‌ನಲ್ಲಿ ಒಂದು ವರ್ಷ, ಆಗಲೇ ದೂರದ ಸಂಬಂಧಿ ಮಾರಿಯಾ ಬಾರ್ಬರಾಳ ಜೊತೆ ಮದುವೆ. ವೈಮಾರ್‌ನಲ್ಲಿ ಒಂಬತ್ತು ವರ್ಷ. ಅಲ್ಲಿ ಕೆಲಸ ಬಿಡುತ್ತೇನೆ ಅಂತ ಪಟ್ಟು ಹಿಡಿದಿದ್ದಕ್ಕೆ 1717ರ ನವೆಂಬರ್‌ನಲ್ಲಿ ಡ್ಯೂಕ್ ಅವನನ್ನು ಸುಮಾರು ನಾಲ್ಕು ವಾರ ಜೈಲಿಗೆ ಹಾಕಿದ. (ಐಟಿ ಕಂಪನಿಗಳ ಬಾಂಡ್ ಪತ್ರ, ನೋಟಿಸ್ ಪಿರಿಯಡ್ ಬಗ್ಗೆ ಗೊಣಗುವ ಗೆಳೆಯರಿಗೆ ಇದನ್ನು ಹೇಳಿ ಸಮಾಧಾನ ಮಾಡಬಹುದು.) ಆಮೇಲೆ ಕ್ಯೋಥೆನ್ ರಾಜಕುಮಾರನ ಆಸ್ಥಾನ. 1720ರಲ್ಲಿ ಹೆಂಡತಿ ತೀರಿಕೊಂಡಳು. ಅದೇ ವರ್ಷ ಹ್ಯಾಂಬರ್ಗ್‌ನ ಸೇಂಟ್ ಜೇಕಬ್ ಚರ್ಚಿನ ಹುದ್ದೆಗೆ ಪ್ರಯತ್ನಿಸಿದ. ಅದು ಸಿಕ್ಕಿದ್ದು ಹೈಟ್‌ಮನ್ ಎಂಬವನಿಗೆ. ಆತ ಚರ್ಚಿಗೆ 4000 ಮಾರ್ಕ್ ಕಾಣಿಕೆ ಕೊಟ್ಟ. ಡೊನೇಷನ್ ಸೀಟು ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1723ರಲ್ಲಿ ಲೈಪ್‌ಜಿಗ್. ನಗರಸಭೆಗೆ ಬೇಕಿದ್ದವನು ಟೆಲೆಮನ್, ಅವನು ಬರಲಿಲ್ಲ. ಆಮೇಲೆ ಗ್ರಾಪ್ನರ್, ಅವನ ಧಣಿ ಬಿಡಲಿಲ್ಲ. ಕೊನೆಗೆ ಬಾಖ್. ಹುದ್ದೆಯ ಹೆಸರು ಕ್ಯಾಂಟರ್: ಶಾಲೆಯ ಮೇಷ್ಟ್ರೂ ಹೌದು, ಊರಿನ ಮುಖ್ಯ ಚರ್ಚುಗಳ ಸಂಗೀತದ ಹೊಣೆಗಾರನೂ ಹೌದು. ಲ್ಯಾಟಿನ್ ಪಾಠ ಮಾಡಬೇಕಿತ್ತು, ಡಿಗ್ರಿ ಇಲ್ಲದ ಬಾಖ್ ಕೈಯಿಂದ ದುಡ್ಡು ಕೊಟ್ಟು ಆ ಪಾಠ ಬೇರೆಯವನಿಂದ ಮಾಡಿಸಿದ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕ್ಯಾಂಟಾಟಾ, ಅಂದರೆ ಅರ್ಧ ಗಂಟೆ ಆಸುಪಾಸಿನ ಗಾಯನ ಕೃತಿ, ಬರೆದು, ಹುಡುಗರಿಗೆ ಕಲಿಸಿ, ಭಾನುವಾರ ಹಾಡಿಸಿದ. ಇವತ್ತು ಜಗತ್ತು ತಲೆದೂಗುವ ಎಷ್ಟೋ ಸಂಗೀತವನ್ನು ಮೊದಲು ಹಾಡಿದ್ದು ಆ ಹಾಸ್ಟೆಲ್ ಹುಡುಗರು. ಅವರು ಸಾವಿನ ಮೆರವಣಿಗೆಗಳಲ್ಲೂ ಹಾಡಬೇಕಿತ್ತು, ಅದರ ಫೀಸಿನಲ್ಲಿ ಕ್ಯಾಂಟರನಿಗೂ ಪಾಲು. ಹಳೇ ಗೆಳೆಯ ಎರ್ಡ್‌ಮನ್‌ಗೆ 1730ರಲ್ಲಿ ಬರೆದ ಕಾಗದದಲ್ಲಿ ಬಾಖ್, ಊರಿನ ಹವೆ ಚೆನ್ನಾಗಿದ್ದರೆ ಸಾವು ಕಮ್ಮಿಯಾಗಿ ತನ್ನ ಆದಾಯ ಬೀಳುತ್ತದೆ ಅಂತ ಲೆಕ್ಕ ಕೊಡುತ್ತಾನೆ.

ಅದೇ ವರ್ಷ ಆಗಸ್ಟ್ 2ರಂದು ನಗರಸಭೆಯಲ್ಲಿ ಅವನ ಮೇಲೆ ದೂರುಗಳ ಸುರಿಮಳೆ. ಪಾಠ ಮಾಡಲ್ಲ, ಹೇಳದೆ ಊರು ಬಿಡ್ತಾನೆ, ಆದಾಯಕ್ಕೆ ಕತ್ತರಿ ಹಾಕಿ. ಮೂರು ವಾರದ ಮೇಲೆ ಅವನು ಕೊಟ್ಟ ಉತ್ತರವೇ ಆ ಮನವಿ. ಅದರಲ್ಲಿ ಕೆಲಸಗಾರನ ನ್ಯಾಯವಾದ ಮಾತುಗಳಿವೆ. ಒಂದು ಗಾಯನವೃಂದಕ್ಕೆ ಕನಿಷ್ಠ 12 ಜನ, ಸಾಧ್ಯವಾದರೆ 16 ಜನ ಬೇಕು. ವಾದ್ಯಕ್ಕೆ 18 ಜನವಾದರೂ ಬೇಕು, ನಗರಸಭೆ ಸಂಬಳ ಕೊಡುತ್ತಿರುವುದು 8 ಜನಕ್ಕೆ. ಡ್ರೆಸ್ಡೆನ್ ಆಸ್ಥಾನದಲ್ಲಿ ವಾದ್ಯಗಾರರಿಗೆ ಹೊಟ್ಟೆಪಾಡಿನ ಚಿಂತೆ ಇಲ್ಲ, ಇಲ್ಲಿ ಅನ್ನದ ಚಿಂತೆಯಲ್ಲೇ ದಿನ ಹೋದರೆ ಅಭ್ಯಾಸ ಯಾವಾಗ? ಇದಕ್ಕೆಲ್ಲ ನನ್ನ ಸಹಿಯೂ ಇದೆ.

ಆಮೇಲೆ ಬರುತ್ತದೆ ಆ ಪಟ್ಟಿ. ಸಂಗೀತ ಬಾರದ ಹುಡುಗರನ್ನು ಹಾಸ್ಟೆಲಿಗೆ ತುಂಬಿಸಿಕೊಂಡರೆ ಹೇಗೆ ಅನ್ನುವುದು ಅವನ ವಾದ. ಕಂಠವಿದ್ದವನಿಗೇ ಸೀಟು ಎಂಬ ನಿಯಮದಿಂದಲೇ ತಾನು ಬಂದವನು. ಆ ಏಣಿ ಮುರಿಯುತ್ತಿದೆ ಅನ್ನೋ ಸಂಕಟ ಸುಳ್ಳಲ್ಲ. ಆದರೆ ಆ ಶಾಲೆ ಬಡ ಮಕ್ಕಳಿಗೆ ಓದು, ಅನ್ನ ಕೊಡುವ ಧರ್ಮಸಂಸ್ಥೆಯೂ ಆಗಿತ್ತು. ಸ್ವರ ಹತ್ತದ ಬಡ ಹುಡುಗ ಎಲ್ಲಿಗೆ ಹೋಗಬೇಕು? ಲ್ಯೂನೆಬರ್ಗ್‌ನಲ್ಲಿ ಕಂಠ ಒಡೆದ ಮೇಲೆ ಬಾಖ್‌ನನ್ನೂ ಯಾರಾದರೂ ಮೂರನೇ ಗುಂಪಿಗೆ ಹಾಕಿದ್ದರೆ? ನಗರಸಭೆಯವರು ಈ ಪ್ರಶ್ನೆ ಕೇಳಲಿಲ್ಲ. ಅವರಿಗೆ ಬಡ ಮಕ್ಕಳ ಮೇಲೆ ಪ್ರೀತಿ ಉಕ್ಕಿತ್ತು ಅಂತಲೂ ನಾನು ನಂಬಲ್ಲ, ಖರ್ಚು ಉಳಿದರೆ ಸಾಕಿತ್ತು. ಕೊಡಬೇಕಾದ ಸಂಬಳ ಕೊಡದೆ, ಮೇಷ್ಟ್ರು ಮತ್ತು ಮಕ್ಕಳು ಒಂದೇ ಸೀಟಿಗೆ ಕಿತ್ತಾಡುವ ಹಾಗೆ ಮಾಡೋದು ಆಡಳಿತಗಳ ಹಳೇ ಚಾಳಿ.

ಪಟ್ಟಿಯಲ್ಲಿ ಸೇರೋಕೇ ಅವಕಾಶ ಇಲ್ಲದವರು ಬೇರೆ ಇದ್ದರು. ಎರಡನೇ ಹೆಂಡತಿ ಆನ್ನಾ ಮಗ್ಡಲೇನಾ ಕ್ಯೋಥೆನ್ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದ ವೃತ್ತಿಪರ ಗಾಯಕಿ. ಲೈಪ್‌ಜಿಗ್‌ನ ಚರ್ಚಿನಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಗಂಡ ಬರೆದ ಎತ್ತರದ ದನಿಯ ಹಾಡುಗಳನ್ನು ಹುಡುಗರು ಹಾಡಿದರು, ಆಕೆ ಮನೆಯಲ್ಲಿ ಸ್ವರಲಿಪಿ ನಕಲು ಮಾಡಿದಳು. ಹಿರಿಯ ಗಂಡುಮಕ್ಕಳು ಅಪ್ಪನ ಹತ್ತಿರ ಕಲಿತು, ಯೂನಿವರ್ಸಿಟಿಗೂ ಹೋದರು. ಹಿರಿಮಗಳೂ ಪರವಾಗಿಲ್ಲದಂತೆ ಹಾಡುತ್ತಾಳೆ ಅಂತ ಎರ್ಡ್‌ಮನ್‌ಗೆ ಬರೆದ ಕಾಗದದಲ್ಲಿದೆ. ಅವಳಿಗೆ ಅಂತ ಯಾವ ಚರ್ಚಿನ ಹುದ್ದೆಯೂ ಇರಲಿಲ್ಲ.

1734ರಲ್ಲಿ ಎರ್ನೆಸ್ಟಿ ಎಂಬ ಯುವ ವಿದ್ವಾಂಸ ಶಾಲೆಯ ಮುಖ್ಯಸ್ಥನಾದ. ಅವನಿಗೆ ಬೇಕಿದ್ದದ್ದು ಓದುವ ಹುಡುಗರು. ವಾದ್ಯ ಹಿಡಿದವರನ್ನು ಹೆಂಡದಂಗಡಿ ಪಿಟೀಲುಗಾರರು ಅಂತ ಮೂದಲಿಸುತ್ತಿದ್ದನಂತೆ. ಗಾಯನವೃಂದ ನಡೆಸುವ ವಿದ್ಯಾರ್ಥಿ ನಾಯಕನನ್ನು ನೇಮಿಸುವ ಹಕ್ಕು ಯಾರದು ಅಂತ 1736ರಲ್ಲಿ ಇಬ್ಬರಿಗೂ ಜಗಳ ಹತ್ತಿ, ರಾಜನವರೆಗೂ ದೂರು ಹೋಯಿತು. ಬಾಖ್ ಚರ್ಚಿನ ಕೆಲಸದಿಂದ ನಿಧಾನವಾಗಿ ಮನಸ್ಸು ಹಿಂತೆಗೆದುಕೊಂಡ. ಖಾಸಗಿ ಶಿಷ್ಯರಿಗೆ ಕಲಿಸೋದು ಮಾತ್ರ ಕೊನೇವರೆಗೂ ನಡೆಯಿತು.

1750ರ ಜುಲೈ 28ರಂದು ಅವನು ಸತ್ತ. ಕಣ್ಣಿನ ಆಪರೇಷನ್ ಕೈಕೊಟ್ಟಿತ್ತು. ಅವನ ಜಾಗಕ್ಕೆ ಬರಬೇಕಾದವನ ಆಡಿಷನ್ ಅವನು ಬದುಕಿದ್ದಾಗಲೇ, ಒಂದು ವರ್ಷ ಮೊದಲೇ ಮುಗಿದಿತ್ತು. ಹೊಸಬನನ್ನು ನೇಮಿಸುವಾಗ ಸಭೆಯಲ್ಲಿ ಬಂದ ಅಭಿಪ್ರಾಯ: ಶಾಲೆಗೆ ಬೇಕಿರುವುದು ಆಸ್ಥಾನ ಸಂಗೀತ ನಿರ್ದೇಶಕನಲ್ಲ, ಒಬ್ಬ ಕ್ಯಾಂಟರ್. ಆನ್ನಾ ಮಗ್ಡಲೇನಾ ಮತ್ತೆ ಹತ್ತು ವರ್ಷ ಅದೇ ಊರಿನಲ್ಲಿ ಬದುಕಿದಳು. 1760ರಲ್ಲಿ ಆಕೆ ತೀರಿಕೊಂಡಾಗ ದಾಖಲೆಯಲ್ಲಿ ಬರೆದಿದ್ದು, ನಗರದ ಭಿಕ್ಷಾನಿಧಿಯಿಂದ ಬದುಕುತ್ತಿದ್ದ ಹೆಂಗಸು ಅಂತ.